ಲಿಂಗ ಬದಲಿಸುವ ಹವಳದಿಬ್ಬದ ಮೀನುಗಳು: ಮನೆಯ ಅಕ್ವೇರಿಯಂನಲ್ಲಿ ಕಚ್ಚಾಟದ ನಿರ್ವಹಣೆ

ಹವಳದ ದಿಬ್ಬಗಳಲ್ಲಿ ಬದುಕುವ ಅನೇಕ ಮೀನುಗಳು ಆಯುಷ್ಯದ ಒಂದು ಹಂತದಲ್ಲಿ ಲಿಂಗ ಬದಲಿಸುತ್ತವೆ. ಕ್ಲೌನ್ ಮೀನುಗಳು ಮೊದಲು ಗಂಡಾಗಿದ್ದು ಆಮೇಲೆ ಹೆಣ್ಣಾಗುತ್ತವೆ. ರಾಸ್, ಆಂಥಿಯಾಸ್ ಮತ್ತು ಕುಬ್ಜ ಏಂಜೆಲ್ ಮೀನುಗಳು ಹೆಣ್ಣಾಗಿದ್ದು ಗಂಡಾಗುತ್ತವೆ. ಹವಳದ ಕವಲುಗಳ ನಡುವೆ ವಾಸಿಸುವ ಗೋಬಿಯೋಡಾನ್ ಜಾತಿಯ ಪುಟ್ಟ ಗೋಬಿಗಳು ಎರಡೂ ದಿಕ್ಕಿನಲ್ಲಿ ಬದಲಾಗಬಲ್ಲವು. ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಹೆಚ್ಚಾಗಿ ಸಾಕುವುದು ಇವೇ ಮೀನುಗಳನ್ನು. ಅವರ ದೊಡ್ಡ ತಲೆನೋವು ಇವುಗಳ ಕಚ್ಚಾಟ. ಸಾಮಾನ್ಯವಾಗಿ ಇದನ್ನು ಮೀನಿನ ಕೆಟ್ಟ ಗುಣವೆಂದೋ ಜಾಗದ ಕೊರತೆಯೆಂದೋ ಎಣಿಸಿ ಪರಿಹಾರ ಹುಡುಕುತ್ತಾರೆ. ಆದರೆ ಕಳೆದ ಐದು ದಶಕಗಳ ಅಧ್ಯಯನಗಳು ಬೇರೆಯದನ್ನೇ ಹೇಳುತ್ತವೆ: ಯಾವ ಮೀನು ಗಂಡು, ಯಾವುದು ಹೆಣ್ಣು, ಯಾವುದು ಸರದಿಯಲ್ಲಿ ಕಾಯಬೇಕು ಎಂಬುದನ್ನು ಈ ಮೀನುಗಳು ತೀರ್ಮಾನಿಸುವುದೇ ಜಗಳದ ಮೂಲಕ. ಹಾಗಿರುವಾಗ ಜಗಳವನ್ನು ಪೂರ್ತಿ ನಿಲ್ಲಿಸಲು ಹೊರಟವರು ಸೋಲುತ್ತಾರೆ. ಮೀನುಗಳ ಗಾತ್ರ, ಸಂಖ್ಯೆ ಮತ್ತು ತೊಟ್ಟಿಗೆ ಬಿಡುವ ಕ್ರಮವನ್ನು ಮೊದಲೇ ಸರಿಯಾಗಿ ಆರಿಸಿದವರ ತೊಟ್ಟಿಯಲ್ಲಿ ಅದೇ ಜಗಳ ಗಾಯವಿಲ್ಲದೆ ಮುಗಿಯುತ್ತದೆ.

ಈ ಮಾತಿಗೆ ಮೊದಲ ಗಟ್ಟಿ ಆಧಾರ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಹೆರಾನ್ ದ್ವೀಪದಿಂದ ಬಂತು. ಬೇರೆ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ತಿಂದು ಬದುಕುವ ಕ್ಲೀನರ್ ರಾಸ್ ಮೀನನ್ನು ಅಲ್ಲಿ ಗಮನಿಸಿದ ಡಿ. ಆರ್. ರಾಬರ್ಟ್‌ಸನ್, 1972ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗಂಡಿನ ಸುತ್ತ ಹಲವು ಹೆಣ್ಣುಗಳಿರುವ ಗುಂಪು ಅದು. ಹೆಣ್ಣುಗಳಲ್ಲೂ ದೊಡ್ಡದು, ಅದರ ಕೆಳಗಿನದು ಎಂಬ ಶ್ರೇಣಿಯಿದೆ. ಗಂಡು ಸತ್ತರೆ ಅಥವಾ ಅದನ್ನು ತೆಗೆದರೆ, ಎಲ್ಲಕ್ಕಿಂತ ದೊಡ್ಡ ಹೆಣ್ಣು ಒಂದೆರಡು ಗಂಟೆಗಳಲ್ಲೇ ಗಂಡಿನಂತೆ ಉಳಿದವುಗಳ ಮೇಲೆ ದಬ್ಬಾಳಿಕೆ ಶುರುಮಾಡುತ್ತದೆ. ಎರಡು ವಾರ ದಾಟುವ ಹೊತ್ತಿಗೆ ಅದರಲ್ಲಿ ವೀರ್ಯಾಣು ತಯಾರಾಗಿರುತ್ತದೆ. ಅಲ್ಲಿಯವರೆಗೆ ಆ ಹೆಣ್ಣು ಗಂಡಾಗದಂತೆ ತಡೆದಿದ್ದದ್ದು ಮೇಲಿನ ಗಂಡಿನ ದಿನನಿತ್ಯದ ಬೆದರಿಕೆ ಮಾತ್ರ. ಇದಾದ ಐದು ವರ್ಷಕ್ಕೆ, 1977ರಲ್ಲಿ, ಹ್ಯಾನ್ಸ್ ಫ್ರಿಕೆ ಮತ್ತು ಸಿಮೋನೆ ಫ್ರಿಕೆ ನೇಚರ್ ಪತ್ರಿಕೆಯಲ್ಲಿ ಕ್ಲೌನ್ ಮೀನುಗಳ ಕತೆಯೂ ಇದೇ ಎಂದು ತೋರಿಸಿದರು, ದಿಕ್ಕು ಮಾತ್ರ ತಿರುಗುಮುರುಗು. ಇವು ನೆಲೆಸುವ ಅನಿಮೋನ್ ಎಂಬ ಕಡಲಜೀವಿ ಒಂದರಲ್ಲಿ ಯಜಮಾನಿಕೆ ಹೆಣ್ಣಿನದು. ಅದರ ಕೆಳಗೆ ಒಂದು ಗಂಡು, ಅದಕ್ಕೂ ಕೆಳಗೆ ಇನ್ನೂ ಬಲಿಯದ ಚಿಕ್ಕವು. ಹೆಣ್ಣು ಹೋದರೆ ಗಂಡು ಹೆಣ್ಣಾಗುತ್ತದೆ, ಚಿಕ್ಕವುಗಳಲ್ಲಿ ದೊಡ್ಡದು ಗಂಡಾಗಿ ಬಲಿಯುತ್ತದೆ.

ಇಲ್ಲಿ ಒಂದು ಸಂದೇಹ ಏಳಬಹುದು: ಲಿಂಗ ಬದಲಾದ ಮೇಲೆ ಹಾರ್ಮೋನುಗಳಿಂದ ಆಕ್ರಮಣ ಹೆಚ್ಚುತ್ತದೆಯೋ, ಅಥವಾ ಆಕ್ರಮಣವೇ ಮೊದಲೋ? ಸಾಕುವವರಿಗೆ ಈ ಪ್ರಶ್ನೆ ಬಹಳ ಮುಖ್ಯ. ಹಾರ್ಮೋನು ಮೊದಲಾದರೆ ಮೀನಿನ ಒಳಗೆ ನಡೆಯುವುದನ್ನು ನಾವು ಏನೂ ಮಾಡಲಾರೆವು. ನಡವಳಿಕೆ ಮೊದಲಾದರೆ, ಅದನ್ನು ಕೆರಳಿಸುವ ನೋಟಗಳು ನಮ್ಮ ಕೈಯಲ್ಲಿವೆ. ಉತ್ತರ ಎರಡನೆಯದರ ಕಡೆಗಿದೆ. ಕೆರಿಬಿಯನ್ ಸಮುದ್ರದ ಬ್ಲೂಹೆಡ್ ರಾಸ್ ಹೆಣ್ಣುಗಳ ಅಂಡಾಶಯವನ್ನೇ ತೆಗೆದು, ಯಜಮಾನಿಕೆಯ ಅವಕಾಶ ಕೊಟ್ಟಾಗಲೂ ಅವು ಗಂಡಿನ ನಡವಳಿಕೆ ತೋರಿದವು ಎಂದು ಜಾನ್ ಗಾಡ್ವಿನ್, ಡೇವಿಡ್ ಕ್ರೂಸ್ ಮತ್ತು ರಾಬರ್ಟ್ ವಾರ್ನರ್ 1996ರಲ್ಲಿ ವರದಿ ಮಾಡಿದರು. ಅಕ್ವೇರಿಯಂಗಳಲ್ಲಿ ಎಲ್ಲೆಡೆ ಕಾಣುವ ಆಸೆಲ್ಲಾರಿಸ್ ಕ್ಲೌನ್ ಮೀನಿನಲ್ಲೂ ಮಿದುಳಿನ ಒಂದು ಭಾಗ ಮೊದಲು ಹೆಣ್ಣಿನದರಂತೆ ಆಗುತ್ತದೆ, ಜನನಾಂಗ ನಿಧಾನವಾಗಿ ಅದನ್ನು ಹಿಂಬಾಲಿಸುತ್ತದೆ ಎಂದು 2019ರ ಅಧ್ಯಯನವೊಂದು ಕಂಡುಕೊಂಡಿದೆ. ಹವಾಯಿಯ ಸ್ಯಾಡಲ್ ರಾಸ್ ಮೀನಿನ ಮೇಲೆ ರಾಬರ್ಟ್ ರಾಸ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇನ್ನೂ ಸರಳವಾದ ಸೂತ್ರ ಕೊಟ್ಟವು. ತನಗಿಂತ ಚಿಕ್ಕ ಮೀನು ಜೊತೆಗಿದ್ದರೆ ಹೆಣ್ಣು ಗಂಡಾಗುತ್ತದೆ, ತನಗಿಂತ ದೊಡ್ಡದು ಇದ್ದರೆ ಆ ಬದಲಾವಣೆ ತಡೆಯುತ್ತದೆ, ಒಂಟಿಯಾಗಿಟ್ಟರೆ ಬದಲಾಗುವುದಿಲ್ಲ. ಮೀನು ಓದುತ್ತಿರುವುದು ಪಕ್ಕದ ಮೀನಿನ ಅಳತೆಯನ್ನು.

ಅಳತೆಯ ಈ ಓದು ಎಷ್ಟು ನಿಖರವೆಂಬುದಕ್ಕೆ ಪಪುವಾ ನ್ಯೂಗಿನಿಯ ಕ್ಲೌನ್ ಮೀನುಗಳ ಮೇಲೆ ಪೀಟರ್ ಬಸ್ಟನ್ ನಡೆಸಿದ ಕೆಲಸ ಸಾಕ್ಷಿ. ಅವರ ಅಳತೆಗಳ ಪ್ರಕಾರ, ಒಂದೇ ಅನಿಮೋನ್‌ನಲ್ಲಿರುವ ಪರ್ಕ್ಯುಲಾ ಮೀನುಗಳಲ್ಲಿ ಮೇಲಿನ ಸ್ಥಾನದ್ದು ಅದರ ಕೆಳಗಿನದಕ್ಕಿಂತ ಸುಮಾರು 1.26 ಪಟ್ಟು ಉದ್ದವಿರುತ್ತದೆ. ಈ ಅಂತರ ಆಕಸ್ಮಿಕವಾಗಿ ಉಳಿದದ್ದಲ್ಲ. ಕೆಳಗಿನ ಮೀನು ತನ್ನ ಬೆಳವಣಿಗೆಯನ್ನೇ ಬಿಗಿಹಿಡಿದು ಅದನ್ನು ಕಾಯ್ದುಕೊಳ್ಳುತ್ತದೆ. ಗಾತ್ರದಲ್ಲಿ ಮೇಲಿನದಕ್ಕೆ ಹತ್ತಿರವಾದರೆ ಅದು ಸ್ಪರ್ಧಿಯಾಗುತ್ತದೆ, ಸ್ಪರ್ಧಿಯನ್ನು ಮೇಲಿನದು ಹೊರಗಟ್ಟುತ್ತದೆ. ಅನಿಮೋನ್ ಬಿಟ್ಟು ಹೊರಬಿದ್ದ ಕ್ಲೌನ್ ಮೀನು ತೆರೆದ ದಿಬ್ಬದಲ್ಲಿ ಹೆಚ್ಚು ಹೊತ್ತು ಬದುಕದು. ಆದ್ದರಿಂದ ಅದು ಚಿಕ್ಕದಾಗಿಯೇ ಉಳಿದು ಸರದಿ ಕಾಯುವುದನ್ನು ಆರಿಸಿಕೊಳ್ಳುತ್ತದೆ. ಕ್ಲೌನ್ ಮೀನುಗಳ ಸಮಾಜದಲ್ಲಿ ಶಾಂತಿ ನಿಂತಿರುವುದು ಈ ಗಾತ್ರದ ಅಂತರದ ಮೇಲೆ. ಅಕ್ವೇರಿಯಂಗೆ ಬಂದಾಗ ಎರಡು ಸಂಗತಿ ಒಮ್ಮೆಗೇ ಕೆಡುತ್ತವೆ. ಅಂಗಡಿಯಲ್ಲಿ ಚೆಂದದ ಜೋಡಿ ಎಂದು ನಾವು ಆರಿಸುವುದು ಹೆಚ್ಚಾಗಿ ಒಂದೇ ಅಳತೆಯ ಎರಡು ಮೀನುಗಳನ್ನು. ಜೊತೆಗೆ, ಸೋತ ಮೀನಿಗೆ ಗಾಜಿನ ಗೋಡೆಯಾಚೆ ಹೋಗಲು ದಾರಿಯಿಲ್ಲ. ಕಡಲಿನಲ್ಲಿ ಹೊರಗಟ್ಟುವುದರಿಂದ ಮುಗಿಯುವ ಜಗಳ ತೊಟ್ಟಿಯಲ್ಲಿ ಮುಗಿಯುವುದೇ ಇಲ್ಲ, ಏಕೆಂದರೆ ಅಟ್ಟಿದ ಮೀನು ಇನ್ನೂ ಕಣ್ಣೆದುರೇ ಇರುತ್ತದೆ.

ಹಾಗಾಗಿ ಕ್ಲೌನ್ ಮೀನುಗಳ ಜೋಡಿ ಕಟ್ಟುವಾಗ ಪಾಲಿಸಬೇಕಾದ ಮೊದಲ ನಿಯಮ ಗಾತ್ರದ್ದು. ಇನ್ನೂ ಬಲಿಯದ ಎರಡು ಮರಿಗಳನ್ನು, ಒಂದು ಇನ್ನೊಂದಕ್ಕಿಂತ ಕಣ್ಣಿಗೆ ಕಾಣುವಷ್ಟು ದೊಡ್ಡದಿರುವಂತೆ ಆರಿಸಿ, ಒಟ್ಟಿಗೇ ನೀರಿಗೆ ಬಿಡಬೇಕು. ಮೊದಲೇ ಇರುವ ಮೀನಿಗೆ ಜೊತೆ ತರುವುದಾದರೆ ಹೊಸದು ಅದಕ್ಕಿಂತ ಚಿಕ್ಕದಿರಬೇಕು. ಎರಡು ದೊಡ್ಡ ಮೀನುಗಳನ್ನು ಬೇರೆಬೇರೆ ತೊಟ್ಟಿಗಳಿಂದ ತಂದು ಕೂಡಿಸುವುದು ಎಲ್ಲಕ್ಕಿಂತ ಅಪಾಯದ ಕೆಲಸ. ಒಂಟಿಯಾಗಿಯೋ ಯಜಮಾನಿಯಾಗಿಯೋ ಬಲಿತ ಕ್ಲೌನ್ ಮೀನು ಹೆಣ್ಣಾಗಿರುವ ಸಾಧ್ಯತೆ ಹೆಚ್ಚು, ಮತ್ತು ಹೆಣ್ಣಾದ ಕ್ಲೌನ್ ಮೀನು ಮರಳಿ ಗಂಡಾಗದು. ಎರಡು ಹೆಣ್ಣುಗಳ ನಡುವೆ ರಾಜಿಗೆ ದಾರಿಯೇ ಇಲ್ಲದಿರುವುದರಿಂದ ಒಂದು ಸಾಯುವವರೆಗೂ ಕಾದಾಟ ನಡೆಯಬಹುದು. ಸರಿಯಾದ ಜೋಡಿಯಲ್ಲೂ ಮೊದಲ ಕೆಲವು ದಿನ ಅಟ್ಟಾಡಿಸುವುದು, ಕುಕ್ಕುವುದು ಇದ್ದೇ ಇರುತ್ತದೆ. ಆಗ ನೋಡಬೇಕಾದದ್ದು ಚಿಕ್ಕದರ ಪ್ರತಿಕ್ರಿಯೆಯನ್ನು. ಮೈ ನಡುಗಿಸುತ್ತಾ ಪಕ್ಕಕ್ಕೆ ವಾಲಿ ನಿಂತರೆ ಅದು ಶರಣಾಗತಿ. ಕ್ಲೌನ್ ಮೀನುಗಳು ಬೆದರಿಸುವಾಗ ಒಂದು ಬಗೆಯ, ಮಣಿಯುವಾಗ ಇನ್ನೊಂದು ಬಗೆಯ ಸದ್ದು ಮಾಡುತ್ತವೆ ಎಂಬುದನ್ನೂ ಸಂಶೋಧಕರು ದಾಖಲಿಸಿದ್ದಾರೆ. ಶರಣಾಗತಿಯ ಭಾಷೆ ಇರುವವರೆಗೆ ಗಾಬರಿಗೆ ಕಾರಣವಿಲ್ಲ. ನಡುಗುವ ಗಂಡನ್ನು ಕಂಡು ಕನಿಕರಪಟ್ಟು ಬೇರ್ಪಡಿಸುವುದು ಮುಗಿಯುತ್ತಿದ್ದ ತೀರ್ಮಾನವನ್ನು ಮತ್ತೆ ಮೊದಲಿನಿಂದ ಶುರುಮಾಡಿಸಿದಂತೆ.

ತೊಟ್ಟಿ ದೊಡ್ಡದಾದರೆ ಇದೆಲ್ಲ ತಾನೇ ಸರಿಹೋಗುತ್ತದೆ ಎಂಬುದು ಬಹಳ ಜನರ ನಂಬಿಕೆ. ಅದರಲ್ಲಿ ಸ್ವಲ್ಪ ಸತ್ಯವಿದೆ: ಅಡಗಲು ಕಲ್ಲಿನ ಸಂದುಗಳು, ನೋಟ ತಡೆಯುವ ಗುಡ್ಡೆಗಳು ಇದ್ದರೆ ಸೋತದ್ದು ಉಸಿರಾಡಿಕೊಳ್ಳುತ್ತದೆ. ಆದರೆ ಕ್ಲೌನ್ ಮೀನು ಕಾಯುವುದು ಇಡೀ ನೀರನ್ನಲ್ಲ, ಒಂದು ಅನಿಮೋನ್ ಅಥವಾ ಅದರ ಬದಲಿಗೆ ಆರಿಸಿಕೊಂಡ ಒಂದು ಮೂಲೆಯನ್ನು. ಅದಕ್ಕಾಗಿ ಹೋರಾಡುವ ಎರಡು ಸಮಗಾತ್ರದ ಮೀನುಗಳಿಗೆ ಹೆಚ್ಚುವರಿ ನೂರು ಲೀಟರ್ ನೀರಿನಿಂದ ಆಗುವ ಉಪಕಾರ ಅಲ್ಪ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ತಮಿಳುನಾಡಿನ ಮಂಡಪಂನಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯಂಥ ಕಡೆ ಕ್ಲೌನ್ ಮೀನುಗಳನ್ನು ಸಾಕಣೆಯಲ್ಲೇ ಮರಿ ಮಾಡಿಸುತ್ತಾರೆ. ಅಂಥ ಸಾಕಣೆ ಕೇಂದ್ರಗಳಲ್ಲಿ ಒಂದೇ ತೊಟ್ಟಿಯಲ್ಲಿ ರಾಶಿ ಮರಿಗಳು ಜಗಳವಿಲ್ಲದೆ ಬೆಳೆಯುತ್ತವಲ್ಲ, ಹಾಗಾದರೆ ಮನೆಯಲ್ಲೂ ಆರೆಂಟು ಮೀನುಗಳ ಗುಂಪು ಏಕೆ ಸಾಧ್ಯವಿಲ್ಲ? ಅಲ್ಲಿರುವವು ಒಂದೇ ವಯಸ್ಸಿನ ಬಲಿಯದ ಮರಿಗಳು. ಕಾಯಲು ಅನಿಮೋನ್ ಇಲ್ಲ, ಯಾವುದಕ್ಕೂ ಇನ್ನೂ ಹಕ್ಕು ಹುಟ್ಟಿಲ್ಲ, ಸುತ್ತ ಅಷ್ಟೊಂದು ಮೀನುಗಳಿರುವಾಗ ಒಂದನ್ನೇ ಹಿಡಿದು ಅಟ್ಟಲು ಆಗುವುದೂ ಇಲ್ಲ. ಅದೇ ಗುಂಪನ್ನು ಮನೆಗೆ ತಂದರೆ ತಿಂಗಳುಗಟ್ಟಲೆ ಶಾಂತವಾಗಿರಬಹುದು. ಅವುಗಳಲ್ಲಿ ಎರಡು ಬಲಿತು ಜೋಡಿಯಾದ ದಿನದಿಂದ ಉಳಿದವು ಒಂದೊಂದಾಗಿ ಮೇಲಿನ ಮೂಲೆಗೆ ತಳ್ಳಲ್ಪಡುತ್ತವೆ. ಆಗ ಉಳಿದವುಗಳನ್ನು ಸಾಗಿಸಲು ಜಾಗವಿದ್ದವರು ಮಾತ್ರ ಈ ಪ್ರಯೋಗಕ್ಕೆ ಇಳಿಯಬೇಕು. ಸಾಕಣೆಯಲ್ಲಿ ಹುಟ್ಟಿದ ಮರಿಗಳ ನಿಜವಾದ ಲಾಭ ಬೇರೆ: ಅವು ಚಿಕ್ಕವಾಗಿಯೇ ಸಿಗುತ್ತವೆ, ಹೀಗಾಗಿ ಯಾವುದು ಹೆಣ್ಣಾಗಬೇಕೆಂದು ನಾವು ಅಳತೆಯಿಂದಲೇ ಸೂಚಿಸಬಹುದು.

ಪುಂಡ ಮೀನನ್ನು ಕೆಲವು ದಿನ ಬೇರೆ ಡಬ್ಬಿಯಲ್ಲಿಟ್ಟು ಅಹಂಕಾರ ಇಳಿಸಿ ಮತ್ತೆ ಬಿಡುವುದು ಹಳೆಯ ಉಪಾಯ. ಡ್ಯಾಮ್ಸೆಲ್‌ನಂಥ ಜಾಗದ ಹಠದ ಮೀನುಗಳಿಗೆ ಅದು ಕೆಲಸ ಮಾಡುವುದುಂಟು. ಮರಳಿ ಬಂದದ್ದು ಹೊಸಬನಂತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಲಿಂಗ ಬದಲಿಸುವ ಮೀನುಗಳಲ್ಲಿ ಅದೇ ಉಪಾಯ ಬೆಂಕಿಗೆ ತುಪ್ಪ ಸುರಿದ ಹಾಗೆ. ರಾಬರ್ಟ್‌ಸನ್ ಕಂಡ ಗಂಟೆಗಳ ಲೆಕ್ಕವನ್ನು ಇಲ್ಲಿ ನೆನೆಯಬೇಕು. ರಾಸ್ ಗುಂಪಿನಿಂದ ಗಂಡನ್ನು ಬೆಳಿಗ್ಗೆ ತೆಗೆದರೆ ಮಧ್ಯಾಹ್ನಕ್ಕೆ ಇನ್ನೊಂದು ಮೀನು ಗಂಡಿನ ಪಾತ್ರಕ್ಕೆ ಏರಿರುತ್ತದೆ, ಹತ್ತು ದಿನ ಬಿಟ್ಟು ತಂದು ಬಿಟ್ಟರೆ ಎದುರಾಗುವುದು ಒಬ್ಬ ಸ್ಪರ್ಧಿ. ಕ್ಲೌನ್ ಮೀನಿನಲ್ಲಿ ದೇಹದ ಬದಲಾವಣೆ ಇಷ್ಟು ಬೇಗ ಆಗದು. ಆದರೆ ನಡವಳಿಕೆ ಮೊದಲು ಬದಲಾಗುವುದರಿಂದ, ಹೆಣ್ಣನ್ನು ವಾರಗಟ್ಟಲೆ ದೂರವಿಟ್ಟರೆ ಕೆಳಗಿದ್ದ ಗಂಡು ಯಜಮಾನಿಕೆಯ ಹಾದಿ ಹಿಡಿದಿರುತ್ತದೆ. ಕ್ಲೀನರ್ ರಾಸ್ ಮತ್ತು ಕೆಲವು ಕುಬ್ಜ ಏಂಜೆಲ್‌ಗಳಲ್ಲಿ, ತಮಗಿಂತ ದೊಡ್ಡ ಗಂಡು ಎದುರಾದಾಗ ಗಂಡು ಮರಳಿ ಹೆಣ್ಣಾಗುವುದೂ ಉಂಟು ಎಂದು ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಅದನ್ನೇ ನಂಬಿ ಎರಡು ಗಂಡುಗಳನ್ನು ಕೂಡಿಸಿದರೆ, ಆ ಬದಲಾವಣೆಗೆ ಬೇಕಾದ ವಾರಗಳನ್ನು ಸೋತ ಮೀನು ಬದುಕಿ ದಾಟಬೇಕಲ್ಲ. ಬೇರ್ಪಡಿಸಲೇಬೇಕಾದರೆ ಒಳ್ಳೆಯ ದಾರಿ ತೂತುಗಳಿರುವ ಪಾರದರ್ಶಕ ಹಲಗೆಯನ್ನು ತೊಟ್ಟಿಯೊಳಗೇ ನಿಲ್ಲಿಸುವುದು. ಮೈಗೆ ಮೈ ತಾಗದು, ಆದರೆ ಯಾರು ದೊಡ್ಡವರು ಎಂಬ ನೋಟವೂ ನೀರಿನಲ್ಲಿ ಹರಡುವ ವಾಸನೆಯೂ ಉಳಿಯುತ್ತವೆ, ಶ್ರೇಣಿ ಕದಡುವುದಿಲ್ಲ.

ಹೆಣ್ಣಿನಿಂದ ಗಂಡಾಗುವ ಮೀನುಗಳಲ್ಲಿ ಲೈರ್‌ಟೇಲ್ ಆಂಥಿಯಾಸ್ ಒಂದು ವಿಶೇಷ ಪಾಠ. ಡಗ್ಲಸ್ ಶಪೈರೋ 1980ರಲ್ಲಿ ವರದಿ ಮಾಡಿದಂತೆ, ಗುಂಪಿನಿಂದ ಹಲವು ಗಂಡುಗಳನ್ನು ಒಮ್ಮೆಗೇ ತೆಗೆದರೆ, ತೆಗೆದಷ್ಟೇ ಸಂಖ್ಯೆಯ ಹೆಣ್ಣುಗಳು ಒಂದರ ನಂತರ ಒಂದು ಗಂಡಾಗುತ್ತವೆ. ಗುಂಪು ತನ್ನ ಲೆಕ್ಕ ತಾನೇ ಇಟ್ಟುಕೊಳ್ಳುತ್ತದೆ. ಕಡಲಿನಲ್ಲಿ ದೊಡ್ಡ ಗುಂಪುಗಳಲ್ಲಿ ಪ್ರವಾಹಕ್ಕೆ ಎದುರಾಗಿ ನಿಂತು ಪ್ಲವಕ ತಿನ್ನುವ ಈ ಮೀನುಗಳಲ್ಲಿ ಮೇಲಿನವುಗಳ ಕಿರುಕುಳ ಅನೇಕ ಮೀನುಗಳ ಮೇಲೆ ಹಂಚಿಹೋಗುತ್ತದೆ. ಮನೆಯಲ್ಲಿ ಮೂರೋ ನಾಲ್ಕೋ ಇಟ್ಟಾಗ ಅದು ಒಂದೇ ಬಡಪಾಯಿಯ ಮೇಲೆ ಬೀಳುತ್ತದೆ. ಅದು ಸತ್ತ ಮೇಲೆ ಮುಂದಿನದರ ಮೇಲೆ. ಆದ್ದರಿಂದ ಆಂಥಿಯಾಸ್ ವಿಷಯದಲ್ಲಿ ಕ್ಲೌನ್ ಮೀನಿಗೆ ಹೇಳಿದ್ದಕ್ಕೆ ವಿರುದ್ಧವಾದ ಸಲಹೆ ಸರಿ: ದೊಡ್ಡ ತೊಟ್ಟಿ, ಒಂದು ಗಂಡು, ಅದಕ್ಕಿಂತ ಚಿಕ್ಕದಾದ ಹಲವು ಹೆಣ್ಣುಗಳು, ದಿನಕ್ಕೆ ಹಲವು ಬಾರಿ ಸ್ವಲ್ಪಸ್ವಲ್ಪ ಆಹಾರ. ಒಂದೇ ಹೊತ್ತು ಒಂದೇ ಮೂಲೆಯಲ್ಲಿ ಆಹಾರ ಸುರಿದರೆ ಮೇಲಿನದು ಆ ಮೂಲೆಯನ್ನೇ ಕಾಯುತ್ತದೆ. ಅಷ್ಟು ನೀರು ಮತ್ತು ಬಿಡುವು ಇಲ್ಲದವರು ಒಂದನ್ನೇ ಸಾಕುವುದು ಉತ್ತಮ. ಕುಬ್ಜ ಏಂಜೆಲ್‌ಗಳಿಗೂ ಸಣ್ಣ ತೊಟ್ಟಿಯಲ್ಲಿ ಇದೇ ಮಾತು.

ಮೀನುಗಳನ್ನು ಇಂಥ ಒತ್ತಡದಲ್ಲಿ ಇಡುವುದೇ ಕ್ರೌರ್ಯವಲ್ಲವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಲಿಂಗ ಬದಲಾವಣೆಯ ಆರಂಭದಲ್ಲಿ ಪಾತ್ರ ವಹಿಸುತ್ತದೆ ಎಂಬ ಸುಳಿವು ಬ್ಲೂಹೆಡ್ ರಾಸ್‌ನ ವಂಶವಾಹಿಗಳ ಮೇಲೆ 2019ರಲ್ಲಿ ಬಂದ ಅಧ್ಯಯನದಲ್ಲೂ ಇದೆ. ಅಂದರೆ ಒಂದಷ್ಟು ಒತ್ತಡ ಇವುಗಳ ಬಾಳಿನ ಭಾಗವೇ. ಆದರೆ ಕಡಲಿನಲ್ಲಿ ಸೋತ ಮೀನಿಗೆ ತಿನ್ನಲು ಸಿಗುತ್ತದೆ, ಮರೆಯಾಗಲು ಸಿಗುತ್ತದೆ. ತೊಟ್ಟಿಯಲ್ಲಿ ಅವೆರಡನ್ನೂ ಒದಗಿಸುವ ಹೊಣೆ ನಮ್ಮದು, ಮಧ್ಯೆ ಪ್ರವೇಶಿಸಬೇಕೋ ಬೇಡವೋ ಎಂಬುದನ್ನೂ ಇದರಿಂದಲೇ ತೀರ್ಮಾನಿಸಬೇಕು. ಕೆಳಗಿನ ಮೀನು ಆಹಾರ ಹಾಕಿದಾಗ ಬಂದು ತಿನ್ನುತ್ತಿದ್ದರೆ, ರೆಕ್ಕೆ ಒಂದಿಷ್ಟು ಹರಿದಿದ್ದರೂ ಕಾಯಬಹುದು. ತಿನ್ನಲು ಬಾರದೆ ನೀರಿನ ಮೇಲ್ಮಟ್ಟದ ಮೂಲೆಗೆ ಅಂಟಿಕೊಂಡು ವೇಗವಾಗಿ ಉಸಿರಾಡುತ್ತಿದ್ದರೆ ಅದೇ ದಿನ ಹೊರತೆಗೆಯಬೇಕು, ಇನ್ನೊಂದು ವಾರ ನೋಡೋಣ ಎನ್ನುವಂತಿಲ್ಲ.

ಬಸ್ಟನ್ ಮತ್ತು ಸಂಗಡಿಗರ ಅಂದಾಜಿನಂತೆ ಪರ್ಕ್ಯುಲಾ ಹೆಣ್ಣು ಕಡಲಿನಲ್ಲಿ ಮೂವತ್ತು ವರ್ಷದವರೆಗೂ ಬಾಳಬಲ್ಲದು. ಸಾಕುವವರ ಬಳಿಯೂ ಇವು ದೀರ್ಘಕಾಲ ಬದುಕುವುದರಿಂದ ಜೋಡಿಯಲ್ಲಿ ಒಂದು ಸಾಯುವ ದಿನಕ್ಕೆ ಸಿದ್ಧರಿರಬೇಕು. ಗಂಡು ಸತ್ತರೆ ಉಳಿದ ಹೆಣ್ಣಿಗಿಂತ ಬಹಳ ಚಿಕ್ಕದಾದ ಬಲಿಯದ ಮರಿಯನ್ನು ತರಬೇಕು. ಹೆಣ್ಣು ಸತ್ತರೆ ದೊಡ್ಡ ಹೆಣ್ಣೊಂದನ್ನು ಹುಡುಕಿ ತರುವ ಅಗತ್ಯವಿಲ್ಲ. ಆಗಲೂ ತರಬೇಕಾದದ್ದು ಚಿಕ್ಕ ಮರಿಯನ್ನೇ, ಏಕೆಂದರೆ ಉಳಿದ ಗಂಡೇ ಮುಂದೆ ಹೆಣ್ಣಾಗುತ್ತದೆ.