ಸುಟ್ಟ ದ್ವೀಪದ ಎದುರಿನ ಊರುಗಳು

ಉತ್ತರ ಇಟಲಿಯ ಕೋಮೋ ಸರೋವರದ ವಿಸ್ತಾರ 146 ಚದರ ಕಿಲೋಮೀಟರ್, ಆಳ 400 ಮೀಟರಿಗೂ ಹೆಚ್ಚು. ಇಷ್ಟು ನೀರಿನ ನಡುವೆ ದ್ವೀಪ ಅಂತ ಇರುವುದು ಒಂದೇ ಒಂದು: ಇಸೊಲಾ ಕೊಮಾಚಿನಾ. ಉದ್ದ ಸುಮಾರು 600 ಮೀಟರ್. ಸಾಲಾ ಕೊಮಾಚಿನಾ ಊರಿನ ದಡದಲ್ಲಿ ದೋಣಿ ಹತ್ತಿದವರು ಮಾತು ಶುರುಮಾಡಿ ಮುಗಿಸುವುದರೊಳಗೆ ಅಲ್ಲಿ ಇಳಿದಿರುತ್ತಾರೆ. ಈಗ ಅಲ್ಲಿರುವುದು ಗಿಡಮರ, ಒಂದು ಹೋಟೆಲು, ಕಲಾವಿದರಿಗಾಗಿ ಕಟ್ಟಿದ ಕೆಲವು ಮನೆ, ಒಂದು ಪುಟ್ಟ ಚರ್ಚು. ಉಳಿದದ್ದೆಲ್ಲ ಹಳೆಯ ಚರ್ಚುಗಳ ತಳಪಾಯ.

ಹನ್ನೆರಡನೆಯ ಶತಮಾನದವರೆಗೂ ಇದು ಕೋಟೆಯ ಊರು, ಜನ ತುಂಬಿದ್ದ ಊರು. ಕೋಮೋ ನಗರಕ್ಕೂ ಮಿಲಾನಿಗೂ 1118ರಿಂದ 1127ರವರೆಗೆ ಯುದ್ಧ ನಡೆದಾಗ ದ್ವೀಪದವರು ಮಿಲಾನಿನ ಪಕ್ಷ ಹಿಡಿದರು. ಕೋಮೋದವರು ಆ ಹಗೆಯನ್ನು ನಾಲ್ಕು ದಶಕ ಹೊಟ್ಟೆಯಲ್ಲಿಟ್ಟುಕೊಂಡಿದ್ದು, 1169ರಲ್ಲಿ ಬಂದು ಊರಿಗೆ ಊರನ್ನೇ ಸುಟ್ಟರು, ಚರ್ಚುಗಳನ್ನೂ ಉಳಿಸಲಿಲ್ಲ. ಮತ್ತೆ ಕಟ್ಟಕೂಡದೆಂದು 1175ರಲ್ಲಿ ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೊಸ್ಸಾನ ಆಜ್ಞೆಯೂ ಆಯಿತು. ಇಲ್ಲಿ ಇನ್ನು ಗಂಟೆ ಮೊಳಗದಿರಲಿ, ಅತಿಥಿಗೆ ಊಟವಿಕ್ಕಿದವನು ಸಾಯಲಿ ಎಂದು ಬಿಷಪ್ ವಿದುಲ್ಫೊ ಶಾಪ ಕೊಟ್ಟನೆಂಬ ಕಥೆ ಇದೆ. ಅದನ್ನು ಊರವರು ಎಷ್ಟು ನಂಬುತ್ತಾರೋ, ದ್ವೀಪದ ಹೋಟೆಲಿನವರು ಮಾತ್ರ ಬಹುಕಾಲ ಊಟದ ಕೊನೆಗೆ ಬೆಂಕಿ ಹಚ್ಚಿ ಶಾಪ ನಿವಾಳಿಸುವ ಪದ್ಧತಿ ನಡೆಸಿಕೊಂಡು ಬಂದರು. ಗಿರಾಕಿಗಳಿಗೂ ಅದೊಂದು ಮೋಜು.

ಈ ದ್ವೀಪ ಕಣ್ಣಿಗೆ ಬೀಳುವಂತೆ ಪಶ್ಚಿಮದ ದಡದಲ್ಲಿ ಹಾದುಹೋಗುವ ನಡಿಗೆಯ ಹಾದಿಯೇ ಗ್ರೀನ್‌ವೇ. ಕೊಲೊನ್ನೊದಿಂದ ಗ್ರಿಯಾಂತೆಯ ಕಾದೆನಾಬ್ಬಿಯಾವರೆಗೆ ಸುಮಾರು 10 ಕಿಲೋಮೀಟರ್. ಹೆಸರೇನೋ ಹೊಸದು, ಹಾದಿ ಹಳೆಯದು. ಬಹಳಷ್ಟು ಕಡೆ ಇದು ರೋಮನ್ನರ ಕಾಲದಿಂದ ಬಂದ ವಿಯಾ ರೆಜಿನಾ ರಸ್ತೆಯ ಜಾಡನ್ನೇ ಹಿಡಿಯುತ್ತದೆ. ಮನೆಗಳ ಸಂದಿಯಲ್ಲಿ ಕಲ್ಲುಹಾಸು, ಆಲಿವ್ ತೋಟದ ಬದು, ಆಗಾಗ ನೀರಿನ ಅಂಚು. ಏರಿಳಿತ ಹೆಚ್ಚಿಲ್ಲ. ಬಿಡದೆ ನಡೆದರೆ ಮೂರೂವರೆ ತಾಸು, ಆದರೆ ಇಲ್ಲಿ ಬಿಡದೆ ನಡೆಯುವವನು ಬರದಿದ್ದರೂ ನಡೆಯುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ನಿಲ್ಲಬೇಕಾದ ಊರು ಒಸ್ಸುಚ್ಚೊ. ಸಾಂತಾ ಮರಿಯಾ ಮದ್ದಲೇನಾ ಚರ್ಚಿನ ಗಂಟೆಗೋಪುರವನ್ನು ಈ ಸರೋವರದ ಚಿತ್ರಗಳಲ್ಲಿ ಎಲ್ಲರೂ ನೋಡಿರುತ್ತಾರೆ. ಕೆಳಗೆ ಸರಳವಾದ ಹಳೆಯ ಕಲ್ಲಿನ ಕಟ್ಟಡ, ತುದಿಯಲ್ಲಿ ಮಾತ್ರ ಗಾಥಿಕ್ ಶೈಲಿಯ ಇಟ್ಟಿಗೆಯ ಕುಸುರಿ. ಎರಡು ಕಾಲದ ಕೈಗಳು ಒಂದೇ ಗೋಪುರದಲ್ಲಿವೆ. ಮಗ್ಗುಲಿಗೆ ದಾರಿಹೋಕರಿಗೆಂದು ಕಟ್ಟಿದ ಛತ್ರವಿತ್ತು. ಸ್ವಲ್ಪ ಮುಂದೆ, ಸ್ಪುರಾನೊ ಕೇರಿಯಲ್ಲಿ, ಅಲೆ ತಾಗುವಷ್ಟು ಹತ್ತಿರ ಸಾನ್ ಜಾಕೊಮೊ ಎಂಬ ಸಣ್ಣ ರೋಮನೆಸ್ಕ್ ಚರ್ಚು. ಅಲಂಕಾರವಿಲ್ಲ, ಬಿಂಕವಿಲ್ಲ. ಇಡೀ ಹಾದಿಯಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನು ಆರಿಸುತ್ತೇನೆ.

ಒಸ್ಸುಚ್ಚೊದ ಬೆಟ್ಟವೇ ಒಂದು ಯಾತ್ರೆ. ಸಾಕ್ರೊ ಮೊಂತೆ ಎಂದರೆ ಪವಿತ್ರ ಗಿರಿ. 1635ರಿಂದ 1710ರ ನಡುವೆ ಇಲ್ಲಿ ಹತ್ತುವ ದಾರಿಯುದ್ದಕ್ಕೂ 14 ಗುಡಿಗಳನ್ನು ಕಟ್ಟಿದರು. ಜಪಮಾಲೆಯ ಪ್ರಾರ್ಥನೆಯಲ್ಲಿ ಆಗ ನೆನೆಯುತ್ತಿದ್ದ 15 ಘಟನೆಗಳಲ್ಲಿ ಗುಡಿಗೊಂದರಂತೆ 14. ಕಡೆಯದಕ್ಕೆ ಬೆಟ್ಟದ ಮೇಲಿನ ಮಾತೆ ಮರಿಯಳ ದೇವಾಲಯವೇ ಜಾಗ. ಗುಡಿಗಳ ಒಳಗೆ ಪ್ರವೇಶವಿಲ್ಲ. ಜಾಲರಿಗೆ ಮುಖ ಒತ್ತಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾಯಬೇಕು. ಆಮೇಲೆ ಒಬ್ಬೊಬ್ಬರಾಗಿ ಕಾಣಿಸಿಕೊಳ್ಳುತ್ತಾರೆ: ಬಣ್ಣ ಬಳಿದ ಆಳೆತ್ತರದ ಮೂರ್ತಿಗಳು. ಒಟ್ಟು 230ರಷ್ಟಿವೆ, ಹೆಚ್ಚಿನವು ಶಿಲ್ಪಿ ಅಗೊಸ್ತೀನೊ ಸಿಲ್ವಾನ ಕೈಯವು. ಓದು ಬರಹ ಬಾರದ ರೈತನಿಗೆ ಬೈಬಲಿನ ಕಥೆ ಮುಟ್ಟಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. 2003ರಲ್ಲಿ ಯುನೆಸ್ಕೊ ಪಿಯೆಮೊಂತೆ ಮತ್ತು ಲೊಂಬಾರ್ದಿಯಾದ ಇಂಥ ಒಂಬತ್ತು ಗಿರಿಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಇದೂ ಒಂದು.

ಜೂನ್ ತಿಂಗಳ ಸಂತ ಜಾನ್ ಹಬ್ಬಕ್ಕೆ ಈ ದಡದವರೆಲ್ಲ ದ್ವೀಪದ ಕಡೆ ತಿರುಗುತ್ತಾರೆ. ಬಸವನಹುಳುವಿನ ಚಿಪ್ಪುಗಳಿಗೆ ಎಣ್ಣೆ ಬತ್ತಿ ಹಾಕಿ ದೀಪ ಹಚ್ಚುವುದು ಹಳೆಯ ಸಂಪ್ರದಾಯ. ರಾತ್ರಿ ದ್ವೀಪದ ಮೇಲೆ ಸಿಡಿಮದ್ದು ಸುಡುತ್ತಾರೆ, 1169ರ ಬೆಂಕಿಯ ನೆನಪಿಗೆ. ಮರುದಿನ ದೋಣಿಗಳ ಮೆರವಣಿಗೆಯಲ್ಲಿ ಹೋಗಿ, ಹಾಳುಬಿದ್ದ ಚರ್ಚಿನ ಜಾಗದಲ್ಲಿ ಪೂಜೆ. ಸೋತ ದಿನವನ್ನೇ ಹಬ್ಬ ಮಾಡಿಕೊಂಡ ಜನ ಇವರು. ಊಟದ ವಿಷಯಕ್ಕೆ ಬಂದರೆ, ಅಗೋನೆ ಎಂಬ ಸರೋವರದ ಮೀನಿಗೆ ಉಪ್ಪು ಹಾಕಿ, ಬಿಸಿಲಿಗೆ ಒಣಗಿಸಿ, ಎಲೆ ಹಾಸಿದ ಡಬ್ಬಿಯಲ್ಲಿ ಒತ್ತಿಡುತ್ತಾರೆ. ಇದಕ್ಕೆ ಮಿಸ್ಸೊಲ್ತೀನಿ ಎಂದು ಹೆಸರು. ಸುಟ್ಟು, ವಿನೆಗರ್ ಚಿಮುಕಿಸಿ, ಜೋಳದ ಹಿಟ್ಟಿನ ಪೊಲೆಂತಾದ ಜೊತೆ ತಿನ್ನುವುದು. ಒಣಮೀನಿನ ರುಚಿ ಬಲ್ಲ ನಮ್ಮ ಕರಾವಳಿಯವರಿಗೆ ಹೆಚ್ಚು ಹೇಳಬೇಕಿಲ್ಲ.

ಮುಂದಿನ ಊರು ಲೆನ್ನೊ. ಸಾಂತೊ ಸ್ತೆಫಾನೊ ಚರ್ಚಿನ ಕೆಳಗೆ ಹನ್ನೊಂದನೆಯ ಶತಮಾನದ ನೆಲಮಾಳಿಗೆ, ಪಕ್ಕದಲ್ಲಿ ಅದೇ ಕಾಲದ ಎಂಟು ಮೂಲೆಯ ದೀಕ್ಷಾಸ್ನಾನದ ಗುಡಿ. ಇವನ್ನು ನೋಡುವವರು ಕಡಿಮೆ. ಜನವೆಲ್ಲ ಹೋಗುವುದು ಹಾದಿಯಿಂದ ಪಕ್ಕಕ್ಕೆ ಚಾಚಿದ ಭೂಶಿರದ ಮೇಲಿನ ವಿಲ್ಲಾ ದೆಲ್ ಬಾಲ್ಬಿಯಾನೆಲ್ಲೊಗೆ. ಕುಂದಾಪುರ ಸೀಮೆಯ ಪಡುಕೋಣೆಯ ಹೆಸರು ಹೊತ್ತ, ಬೆಂಗಳೂರಲ್ಲಿ ಬೆಳೆದ ದೀಪಿಕಾ ಪಡುಕೋಣೆ 2018ರ ನವೆಂಬರಿನಲ್ಲಿ ಮದುವೆಯಾದದ್ದು ಇಲ್ಲೇ. ಕೊಂಕಣಿ ಪದ್ಧತಿಯ ಧಾರೆ 14ರಂದು ನಡೆಯಿತು. ಈ ವಿಲ್ಲಾವನ್ನು ಹದಿನೆಂಟನೆಯ ಶತಮಾನದ ಕೊನೆಗೆ ಕಟ್ಟಿಸಿದವನು ಕಾರ್ಡಿನಲ್ ದುರೀನಿ. ಅದಕ್ಕೂ ಮೊದಲು ಅಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಮಠವಿತ್ತು. ಮದುವೆಯ ಫೋಟೊಗಳಿಂದ ಪ್ರಸಿದ್ಧವಾದ ಆ ಮನೆಯ ಜೋಡಿ ಗೋಪುರಗಳು ಮಠದ ಚರ್ಚಿನವೇ.

ಮೆಜ್ಜೆಗ್ರಾದ ಎತ್ತರದಲ್ಲಿ ಸಾಂತ್ ಅಬ್ಬೊಂದಿಯೊ ಚರ್ಚಿನ ಅಂಗಳದಿಂದ ಸರೋವರದ ಮಧ್ಯಭಾಗವೆಲ್ಲ ತೆರೆದುಕೊಳ್ಳುತ್ತದೆ. ಅದೇ ಊರಿನ ಜುಲೀನೊ ಕೇರಿಯಲ್ಲಿ, ಒಂದು ವಿಲ್ಲಾದ ಗೇಟಿನ ಮುಂದೆ, 1945ರ ಏಪ್ರಿಲ್ 28ರಂದು ಸರ್ವಾಧಿಕಾರಿ ಮುಸೊಲಿನಿಯನ್ನೂ ಅವನ ಪ್ರೇಯಸಿ ಕ್ಲಾರೆತ್ತಾ ಪೆತಾಚ್ಚಿಯನ್ನೂ ಗುಂಡಿಟ್ಟು ಕೊಂದರು. ಗುರುತಿಗೆ ಒಂದು ಸಣ್ಣ ಶಿಲುಬೆ ಇದೆ. ತ್ರೆಮೆಜ್ಜೊದ ವಿಲ್ಲಾ ಕಾರ್ಲೊತ್ತಾದ ಹೂತೋಟವನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ಕಾದೆನಾಬ್ಬಿಯಾದಲ್ಲಿ ಜರ್ಮನಿಯ ಚಾನ್ಸಲರ್ ಅಡೆನಾವರ್ ರಜೆಗೆ ಬಂದು ಇರುತ್ತಿದ್ದರು. ಹಾದಿ ಮುಗಿಯುವುದು ಅಲ್ಲೇ. ತಲೆ ಎತ್ತಿದರೆ ಬಂಡೆಯ ಮೇಲೆ ಸಾನ್ ಮಾರ್ತೀನೊ ಚರ್ಚು ಕಾಣುತ್ತದೆ. ಕಾಲಲ್ಲಿ ಕಸುವು ಉಳಿದವರು ಹತ್ತಬಹುದು.

ಹೋಗುವವರು ಕೋಮೋದಿಂದ ಬೆಳಗಿನ ಬಸ್ಸು ಹಿಡಿದು ಕೊಲೊನ್ನೊದಲ್ಲಿ ಇಳಿಯಿರಿ, ವಾಪಸು ಬರಲು ದೋಣಿ ಇದೆ. ಒಂದೇ ದಿನ ಇದ್ದು, ಏನಾದರೂ ಬಿಡಲೇಬೇಕೆಂದರೆ ವಿಲ್ಲಾಗಳನ್ನು ಬಿಡಿ, ಒಸ್ಸುಚ್ಚೊದ ಬೆಟ್ಟ ಹತ್ತಿ. ಅದಕ್ಕೆ ಟಿಕೆಟ್ಟೂ ಇಲ್ಲ.