ದೂರಕಲಿಕೆಗೆ ಕನ್ನಡ ಟೈಪಿಂಗ್: ಯೂನಿಕೋಡ್ ಏಕೆ ಬೇಕು?

ಕೇರಳದಲ್ಲಿ 2020ರ ಜೂನ್ 1ರಂದು ಕೈಟ್ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಕನ್ನಡದಲ್ಲಿ ಪಾಠಗಳು ದೊರೆತವು. ಆದರೆ ಪಾಠ ಕೇಳಿದರಷ್ಟೇ ಸಾಲದು. ಉತ್ತರವನ್ನೂ ಕನ್ನಡದಲ್ಲೇ ಬರೆದು ಕಳುಹಿಸಲು ಬರಬೇಕು. ಇಲ್ಲವಾದರೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದೇ ಮಕ್ಕಳಿಗೆ ರೂಢಿಯಾಗುತ್ತದೆ.

ಮೊಬೈಲಿನ ಜಿಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಭಾಷೆಗಳು’ ವಿಭಾಗಕ್ಕೆ ಕನ್ನಡವನ್ನು ಸೇರಿಸಿದರೆ ಕೀಲಿಮಣೆ ಸಿದ್ಧ. ಮೈಕ್ ಗುರುತನ್ನು ಒತ್ತಿ ಮಾತನಾಡಿದರೂ ಅಕ್ಷರ ಮೂಡುತ್ತದೆ. ಕಾಗುಣಿತವನ್ನು ಮಾತ್ರ ನಾವೇ ತಿದ್ದಬೇಕು.

ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹ ಬಳಸುವ ಶಿಕ್ಷಕರು ಯೂನಿಕೋಡ್ ಆಯ್ಕೆಯಲ್ಲೇ ಟೈಪ್ ಮಾಡುವುದು ಒಳಿತು. ಹಳೆಯ ಆಸ್ಕಿ ಫಾಂಟಿನ ಬರಹ ಮಕ್ಕಳ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅಂಥ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಇಲ್ಲವೇ ಪಿಡಿಎಫ್ ಮಾಡಿ ಕಳುಹಿಸಬಹುದು.

ಪೋಷಕರು ಮಕ್ಕಳಿಂದ ದಿನಕ್ಕೆ ನಾಲ್ಕು ಸಾಲಾದರೂ ಕನ್ನಡದಲ್ಲಿ ಟೈಪ್ ಮಾಡಿಸಬೇಕೆಂದು ವಿನಂತಿ.