ಬೆಲ್ಲದ ನೀರಿಗೆ ಬಗ್ಗದ ಕಾಯಿಲೆ

ಕರು ಹಾಕಿ ಮೂರು ವಾರವಾಗಿತ್ತು. 12 ಲೀಟರ್ ಕೊಡುತ್ತಿದ್ದ ನಮ್ಮ ಮನೆಯ ಸೀಮೆಹಸು 5 ಲೀಟರಿಗೆ ಇಳಿಯಿತು. ಹಿಂಡಿ, ಬೂಸಾ ಮೂಸಿಯೂ ನೋಡಲಿಲ್ಲ. ಒಣಹುಲ್ಲನ್ನು ಮಾತ್ರ ತಿನ್ನುತ್ತಿತ್ತು. ಜ್ವರವಿಲ್ಲ, ಆದರೆ ಉಸಿರಿನಲ್ಲಿ ಕೊಳೆತ ಹಣ್ಣಿನಂಥ ಸಿಹಿ ವಾಸನೆ. ಅವ್ವ ದೃಷ್ಟಿ ತೆಗೆದಳು. ಅಪ್ಪ ದಿನಾ ಬೆಲ್ಲದ ನೀರು ಕುಡಿಸಿದರು. ಹೀಗೇ ನಾಲ್ಕು ದಿನ ಹೋಯಿತು. ಡೇರಿ ಬಿಲ್ಲಿನಲ್ಲೇ ಸಾಲದ ಕಂತು ಕಟ್ಟುವ ಮನೆಗೆ ಅದು ಸಣ್ಣ ನಷ್ಟವೇನಲ್ಲ. ಡಾಕ್ಟರು ಬಂದು ಹೇಳಿದ ಹೆಸರು ಕೆಟೋಸಿಸ್.

ಹಾಲಿನ ಸಕ್ಕರೆ ತಯಾರಾಗಲು ರಕ್ತದ ಗ್ಲೂಕೋಸ್ ಬೇಕು. ಕರು ಹಾಕಿದ ಹೊಸತರಲ್ಲಿ ಹಾಲು ಏರುತ್ತದೆ, ಮೇವು ತಿನ್ನುವುದು ಅಷ್ಟು ಬೇಗ ಏರುವುದಿಲ್ಲ. ಆಗ ಹಸು ಮೈಯ ಕೊಬ್ಬನ್ನೇ ಕರಗಿಸುತ್ತದೆ. ಅಷ್ಟೊಂದು ಕೊಬ್ಬನ್ನು ಲಿವರ್ ಪೂರ್ತಿ ಬಳಸಲಾಗದೆ ಕೀಟೋನ್‌ಗಳು ರಕ್ತಕ್ಕೆ ಸೇರುತ್ತವೆ. ಆ ಸಿಹಿ ವಾಸನೆ ಅದರದ್ದೇ.

ಇದನ್ನು ಹಿಡಿಯುವ ಸುಲಭ ದಾರಿ ಮನುಷ್ಯರ ಕಾಯಿಲೆ ಹುಡುಕುವ ಲ್ಯಾಬಿನಿಂದ ಬಂತು. 1908ರಲ್ಲಿ ರೊಥೆರಾ ಎಂಬ ವಿಜ್ಞಾನಿ ಮೂತ್ರದಲ್ಲಿ ಅಸಿಟೋನ್ ಪತ್ತೆ ಮಾಡುವ ಪರೀಕ್ಷೆ ಪ್ರಕಟಿಸಿದರು. ಅಸಿಟೋನ್ ಇದ್ದರೆ ನೇರಳೆ ಬಣ್ಣ ಬರುತ್ತದೆ. ಮುಂದೆ ಹಸುವಿನ ಗಂಜಲಕ್ಕೂ ಹಾಲಿಗೂ ಅದೇ ಪರೀಕ್ಷೆ ಬಳಕೆಗೆ ಬಂತು.

ಚಿಕಿತ್ಸೆ ಹಂತ ಹಂತವಾಗಿ ಬೆಳೆಯಿತು. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟರೆ ಹಸು ಬೇಗ ಚೇತರಿಸುತ್ತದೆ, ಆದರೆ ಕೆಲವು ಗಂಟೆಗಳಲ್ಲಿ ಅದರ ಬಲ ಇಳಿಯುತ್ತದೆ. 1948ರಲ್ಲಿ ಅಮೆರಿಕದಲ್ಲಿ ಕೀಲುವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟರು. ಕೆಲವೇ ವರ್ಷಗಳಲ್ಲಿ ಅದನ್ನು ಕೆಟೋಸಿಸ್ ಹಸುಗಳಿಗೂ ಪ್ರಯೋಗಿಸಿದರು. ಈಗಿನ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಅದೇ ಕುಟುಂಬದ್ದು. 1954ರಲ್ಲಿ ಜಾನ್ಸನ್ ಎಂಬುವರು ಗ್ಲಿಸರಾಲ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಕುಡಿಸುವ ಚಿಕಿತ್ಸೆಯನ್ನು ಬರೆದು ಪ್ರಕಟಿಸಿದರು. ಇಂದಿಗೂ ಪ್ರೊಪಿಲೀನ್ ಗ್ಲೈಕಾಲ್ ದ್ರಾವಣವೇ ಮುಖ್ಯ ಔಷಧಿ.

ಹಾಗಾದರೆ ಬೆಲ್ಲ ಯಾಕೆ ಕೆಲಸ ಮಾಡಲಿಲ್ಲ? ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಬೆಲ್ಲವನ್ನು ಹುಳಿಸಿ ಮುಗಿಸಿಬಿಡುತ್ತವೆ. ಸಕ್ಕರೆಯಾಗಿ ಅದು ರಕ್ತ ಸೇರುವುದೇ ಇಲ್ಲ. ಪ್ರೊಪಿಲೀನ್ ಗ್ಲೈಕಾಲ್‌ನ ಒಂದು ಪಾಲು ಅಲ್ಲಿಂದ ತಪ್ಪಿಸಿಕೊಂಡು ಲಿವರ್ ತಲುಪಿ ಅಲ್ಲಿ ಗ್ಲೂಕೋಸ್ ಆಗುತ್ತದೆ.

ಅಪ್ಪನಿಗೆ ಇದು ತಿಳಿಯದೇ ಇದ್ದುದಕ್ಕೂ ಕಾರಣವಿದೆ. ಅವರು ಹುಡುಗನಾಗಿದ್ದಾಗ ಕೊಟ್ಟಿಗೆಯಲ್ಲಿದ್ದದ್ದು ಹಳ್ಳಿಕಾರ್. ಅದರ ಹಾಲು ಕರುವಿಗೆ, ಮಿಕ್ಕಿದರೆ ಮನೆಗೆ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ರಾಜ್ಯದಲ್ಲಿ ಡೇರಿ ಅಭಿವೃದ್ಧಿ ಯೋಜನೆ ಶುರುವಾಯಿತು, 1984ರಲ್ಲಿ ಕೆಎಂಎಫ್ ಬಂತು. ಎಚ್‌ಎಫ್, ಜರ್ಸಿ ಮಿಶ್ರತಳಿ ಹಳ್ಳಿ ಹಳ್ಳಿಗೆ ಬಂದವು. ಹಾಲು ಹೆಚ್ಚಿದ ಮನೆಗೆ ಈ ಕಾಯಿಲೆಯೂ ಬಂತು.

ನಮ್ಮ ಹಸು ಒಂದು ವಾರದಲ್ಲಿ 10 ಲೀಟರಿಗೆ ಮರಳಿತು. ಕರು ಹಾಕಿದ ಆರು ವಾರದೊಳಗೆ ಹಸು ಹಿಂಡಿ ಬಿಟ್ಟರೆ, ಹಾಲು ಇಳಿದರೆ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಅವರು ಹೇಳಿದಷ್ಟೇ ಔಷಧಿಯನ್ನು ನಿಧಾನವಾಗಿ ಕುಡಿಸಿ. ಅವಸರ ಮಾಡಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಅಪ್ಪ ಈಗಲೂ ಹಸುವಿಗೆ ಒಂದು ಉಂಡೆ ಬೆಲ್ಲ ಕೊಡುತ್ತಾರೆ, ಆದರೆ ಡಾಕ್ಟರ ನಂಬರನ್ನು ಕೊಟ್ಟಿಗೆಯ ಗೋಡೆಯ ಮೇಲೂ ಬರೆದಿದ್ದಾರೆ.